ನಿನ್ನ ಗೊಂಬೆಗೆ ಖಣದ ಪರಕರ ಹೊಲಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ಬಾರ್ಬಿಯ ಫೋಟೊ ನೋಡಿದೆ. ಚೆಂದ ಇದೆ. ಮುಖದ ಬಣ್ಣ ಎಲ್ಲೂ ಎದ್ದಿಲ್ಲ, ಕೂದಲು ಗಂಟಾಗಿಲ್ಲ. ಮೈಮೇಲಿರುವ ಆ ಹೊಳೆಯುವ ಪಾಲಿಯೆಸ್ಟರ್ ಸೀರೆ ಮಾತ್ರ ನನಗೆ ಸರಿ ಬರಲಿಲ್ಲ. ನಿನಗೂ ಬಂದಿಲ್ಲ ಅಂತ ಗೊತ್ತು, ಇಲ್ಲದಿದ್ದರೆ ಅಷ್ಟು ಉದ್ದದ ಮೆಸೇಜ್ ಯಾಕೆ ಕಳಿಸ್ತಿದ್ದೆ? "ಇದಕ್ಕೆ ಇಳಕಲ್ ಸೀರೆ ಉಡಿಸಬೇಕು, ರೆಡಿಮೇಡ್ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಹೇಗೆ ಮಾಡೋದು" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಗೊಂಬೆ ಕೂಡಿಡುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. ಇಳಕಲ್ ಸೀರೆ ಸದ್ಯಕ್ಕೆ ಬೇಡ. ಖಣದ ಪರಕರ-ಪೋಲಕ ಹೊಲಿ. ಖಣ ಅಂದರೆ ರವಿಕೆಗಾಗಿಯೇ ನೇಯ್ದ ದಡಿಯ ಬಟ್ಟೆ, ಪರಕರ ಅಂದರೆ ಲಂಗ, ಪೋಲಕ ಅಂದರೆ ರವಿಕೆ. ನಮ್ಮ ಕಡೆಯ ಉಡುಪು ಆ ಅಳತೆಯ ಗೊಂಬೆಯ ಮೇಲೆ ನಿಜವಾಗಿ ಒಪ್ಪುತ್ತದೆ ಅಂದರೆ ಅದೇ.

ಯಾಕೆ ಅಂತ ಕೇಳು. ಬಾರ್ಬಿ ಹನ್ನೊಂದೂವರೆ ಇಂಚು, ಅಂದರೆ ಸುಮಾರು 29 ಸೆಂಟಿಮೀಟರ್. ಮನುಷ್ಯರ ಆರನೇ ಒಂದು ಪಾಲು. ಹಾಗಾದರೆ ಸೀರೆಯನ್ನೂ ಆರನೇ ಒಂದಕ್ಕೆ ಇಳಿಸಿದರಾಯಿತು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಐದೂವರೆ ಮೀಟರ್ ಸೀರೆ 90 ಸೆಂಟಿಮೀಟರ್ ಆಗುತ್ತದೆ, ಅಗಲ 19-20 ಸೆಂಟಿಮೀಟರ್. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಉದ್ದ ಅಗಲ ಇಳಿಸಬಹುದು, ಬಟ್ಟೆಯ ದಪ್ಪ ಇಳಿಸೋದು ಹೇಗೆ? ಎಳೆ ಅಷ್ಟೇ ದಪ್ಪ ಇರುತ್ತದೆ, ಭಾರವೂ ಸಾಲುವುದಿಲ್ಲ. ನಮ್ಮ ಮೈಮೇಲೆ ಇಳಿಬೀಳುವ ಬಟ್ಟೆ ಗೊಂಬೆಯ ಮೇಲೆ ಜಮಖಾನೆ ಸುತ್ತಿದ ಹಾಗೆ ನಿಲ್ಲುತ್ತದೆ. ಸೊಂಟಕ್ಕೆ ಒಂದು ಸುತ್ತು, ಮುಂದೆ ಏಳೆಂಟು ನೆರಿಗೆ, ಮೇಲೆ ಸೆರಗು, ಅಷ್ಟರಲ್ಲಿ ಗೊಂಬೆಗೆ ಸೊಂಟವೇ ಇರೋದಿಲ್ಲ. ಇಳಕಲ್ ಸೀರೆಯ ದಡಿ, ಅಂದರೆ ಅಂಚು, ಬೇರೆ ಅಗಲ, ಸೆರಗಿನ ಟೋಪುತೆನಿ ಅನ್ನುವ ತೆನೆಯಂಥ ವಿನ್ಯಾಸ ಇನ್ನೂ ದೊಡ್ಡದು. ಒಂದೊಂದು ತೆನಿಯೇ ಗೊಂಬೆಯ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪರಕರದಲ್ಲಿ ಈ ತೊಂದರೆ ಇಲ್ಲ ನೋಡು. ಅದು ಸುತ್ತುವ ಬಟ್ಟೆ ಅಲ್ಲ, ಒಂದೇ ಪದರ. ಜೊತೆಗೆ ಖಣದ ಪರಕರ ನಮ್ಮ ಹುಡುಗಿಯರ ಮೈಮೇಲೂ ಸ್ವಲ್ಪ ಬಿರುಸಾಗಿ, ಅಗಲವಾಗಿ ಅರಳಿಕೊಂಡೇ ನಿಲ್ಲುತ್ತದೆ. ಅಂದರೆ ಸೀರೆಯಲ್ಲಿ ದೋಷ ಆಗಿ ಕಾಣುವ ಬಿರುಸು ಇಲ್ಲಿ ಇರಬೇಕಾದದ್ದೇ. ಇನ್ನು ಖಣದ ಹೂಗಳೋ, ರವಿಕೆಯಷ್ಟು ಸಣ್ಣ ಉಡುಪಿಗಾಗಿಯೇ ನೇಯ್ದ ಹೂಗಳು. ಗುಳೇದಗುಡ್ಡದ ನೇಕಾರರು ಅಷ್ಟು ಸಣ್ಣ ಜಾಗದಲ್ಲಿ ಬಳ್ಳಿ, ತೇರು, ಚುಕ್ಕಿ ಎಲ್ಲ ತುಂಬುವುದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಅಂಗಡಿಯಲ್ಲಿ ಆರಿಸುವಾಗ ಜೋಳದ ಕಾಳಿಗಿಂತ ದೊಡ್ಡ ಹೂ ಇರುವ ಖಣ ತಗೊಳ್ಳಬೇಡ. ಕಾಳಿನಷ್ಟು ಹೂ ಗೊಂಬೆಯ ಮೇಲೆ ಹೂವಾಗಿಯೇ ಕಾಣುತ್ತದೆ. ಉಗುರಿನಷ್ಟು ದೊಡ್ಡದಾದರೆ ಪೋಲಕದ ಎದೆ ಪೂರ್ತಿ ಒಂದೇ ಹೂ.

ಅಂಗಡಿಗೆ ಹೋಗುವ ಮೊದಲು ಮನೆಯ ಟ್ರಂಕು ತೆಗೆದು ನೋಡು. ಉಡಿ ತುಂಬಿದಾಗ ಬಂದ ಖಣಗಳು ನಮ್ಮ ಕಡೆ ಯಾವ ಮನೆಯಲ್ಲಿ ಇಲ್ಲ ಹೇಳು? ಎಷ್ಟೋ ಖಣ ಹೊಲಿಸದೆ ಹಾಗೇ ಮಡಿಕೆಯಲ್ಲೇ ಉಳಿದಿರುತ್ತವೆ. ಆದರೆ ಅವ್ವನನ್ನು ಕೇಳದೆ ಕತ್ತರಿ ಹಾಕಬೇಡ. ಯಾವ ಖಣ ಯಾರ ಮನೆಯ ಉಡಿಯದು ಅಂತ ಅವರಿಗೆ ನೆನಪಿರುತ್ತದೆ, ಕೆಲವನ್ನು ಅವರು ಯಾವತ್ತೂ ಕೊಡೋದಿಲ್ಲ, ಕೊಡಬಾರದು ಕೂಡ. ಹೊಲಿಗೆ ಅಂಗಡಿಯಲ್ಲೂ ರವಿಕೆ ಹೊಲಿದು ಉಳಿದ ತುಂಡುಗಳು ಸಿಗುತ್ತವೆ. ಮೊದಲೆಲ್ಲ ಅಂಥ ತುಂಡುಗಳು ಕೌದಿಗೆ ಹೋಗ್ತಿದ್ದವು. ಈಗ ಕೌದಿ ಹೊಲಿಯುವವರು ಕಡಿಮೆ, ಕೇಳಿದರೆ ಚೀಲ ತುಂಬ ಕೊಡುತ್ತಾರೆ.

ಈಗ ಹೊಲಿಯುವ ವಿಷಯ. ಗೊಂಬೆಯ ಅಳತೆಯನ್ನು ಟೇಪಿನಿಂದ ತೆಗೆದುಕೊಂಡರೆ ಸಾಲದು. ಅಡುಗೆಮನೆಯಲ್ಲಿ ಬಟ್ಟಲಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೊಂಬೆಯ ಮೈಗೆ ಸುತ್ತು, ಮೇಲೆ ಕಾಗದದ ಟೇಪು ಅಂಟಿಸು. ಎದುರು ನಡುಗೆರೆ, ಬೆನ್ನಿನ ನಡುಗೆರೆ, ಭುಜ, ಕಂಕುಳು, ಸೊಂಟ ಎಲ್ಲ ಪೆನ್ನಿನಲ್ಲಿ ಗುರುತು ಮಾಡು. ಆಮೇಲೆ ಆ ಗೆರೆಗಳ ಮೇಲೆ ಮೆಲ್ಲಗೆ ಕತ್ತರಿಸಿ ಬಿಡಿಸಿದರೆ ಗೊಂಬೆಯ ಮೈಯ ನಕ್ಷೆ ಕೈಯಲ್ಲಿರುತ್ತದೆ. ಅದನ್ನು ಕಾಗದಕ್ಕೆ ಇಳಿಸಿ ಸುತ್ತ 5 ಮಿಲಿಮೀಟರ್ ಮಾರ್ಜಿನ್ ಬಿಡು. ಇದನ್ನು ನೀನೇ ಮಾಡಬೇಕು, ಬೇರೆಯವರ ಅಳತೆ ತರಬೇಡ. 2016ರಿಂದ ಬಾರ್ಬಿಯಲ್ಲೇ ಕರ್ವಿ, ಟಾಲ್, ಪಿಟೀಟ್ ಅಂತ ಬೇರೆ ಬೇರೆ ಮೈಕಟ್ಟು ಬಂದಿವೆ. ಒಂದರ ಬಟ್ಟೆ ಇನ್ನೊಂದಕ್ಕೆ ಸರಿಯಾಗಿ ಆಗುತ್ತದೆ ಅಂತ ಹೇಳೋಕಾಗೋದಿಲ್ಲ. ರೆಡಿಮೇಡ್ ತಗೊಂಡವರು ಜಾಸ್ತಿ ಮೋಸ ಹೋಗುವುದು ಇಲ್ಲೇ.

ಪರಕರಕ್ಕೆ ಖಣವನ್ನು ಕತ್ತರಿಸುವಾಗ ದಡಿ ಕೆಳಗೆ ಬರುವ ಹಾಗೆ ಇಟ್ಟುಕೋ. ಇದೇ ನನಗೆ ಅತಿ ಇಷ್ಟದ ಭಾಗ. ಗೊಂಬೆಯ ಬಟ್ಟೆಯಲ್ಲಿ ಕೆಳಗಿನ ಅಂಚನ್ನು ಎರಡು ಸಲ ಮಡಚಿ ಹೊಲಿದರೆ ಅಲ್ಲೊಂದು ದಪ್ಪ ಬಳೆ ಕೂತ ಹಾಗೆ ಕಾಣುತ್ತದೆ, ಬಟ್ಟೆ ಬೀಳೋದೇ ಇಲ್ಲ. ಖಣದ ದಡಿಯ ತುದಿ ಮಗ್ಗದಲ್ಲೇ ಮುಗಿದು ಬಂದಿರುತ್ತದೆ, ಎಳೆ ಬಿಚ್ಚೋದಿಲ್ಲ, ಮಡಚುವ ಕೆಲಸವೇ ಇಲ್ಲ. ನೇಕಾರ ಮಾಡಿಕೊಟ್ಟ ಅಂಚು ಹಾಗೇ ಗೊಂಬೆಯ ಪಾದದ ಮೇಲೆ ಬರುತ್ತದೆ. ದಡಿ ಸಣ್ಣದಿದ್ದಷ್ಟೂ ಒಳ್ಳೆಯದು, ಒಂದೂವರೆ ಸೆಂಟಿಮೀಟರ್ ಇದ್ದರೆ ಗೊಂಬೆಗೆ ಅದು ನಮ್ಮ ಒಂಬತ್ತು ಸೆಂಟಿಮೀಟರಿನ ದಡಿ ಆಯಿತು.

ಸುತ್ತಳತೆಗೆ 40 ಸೆಂಟಿಮೀಟರ್ ಸಾಕು. ಅದನ್ನು ಸೀದಾ ಸೊಂಟಕ್ಕೆ ತಂದು ದಾರ ಎಳೆದು ಚುಂಗು ಹಿಡಿದರೆ ಕೆಟ್ಟಿತು. ಸಾಮಾನ್ಯ ಬಾರ್ಬಿಯ ಸೊಂಟ ಸುಮಾರು 9 ಸೆಂಟಿಮೀಟರ್ ಅಷ್ಟೇ, ಅಷ್ಟು ಬಟ್ಟೆ ಅಲ್ಲಿ ಎಲ್ಲಿ ಕೂರಬೇಕು? ಅದಕ್ಕೇ ಸೊಂಟದಿಂದ ಎರಡು ಮೂರು ಸೆಂಟಿಮೀಟರ್ ಕೆಳಗಿನವರೆಗೆ ಮಲ್ ಬಟ್ಟೆಯ, ಅಂದರೆ ತೆಳುವಾದ ಹತ್ತಿ ಬಟ್ಟೆಯ, ಪಟ್ಟಿ ಕೊಡು, ಪರಕರವನ್ನು ಆ ಪಟ್ಟಿಯ ಕೆಳ ಅಂಚಿಗೆ ಕೂಡಿಸು. ಹೇಗೂ ನಮ್ಮ ಪೋಲಕ ಸೊಂಟದ ಕೆಳಗಿನವರೆಗೆ ಬರುತ್ತದೆ ಅಲ್ವಾ, ಜೋಡಿಸಿದ ಜಾಗ ಅದರಡಿಯಲ್ಲಿ ಮುಚ್ಚಿ ಹೋಗುತ್ತದೆ. ಚುಂಗಿಗಿಂತ ಚಪ್ಪಟೆ ನೆರಿಗೆ ಒಳ್ಳೆಯದು. ಒಂದೊಂದು ನೆರಿಗೆ ಮೂರು ನಾಲ್ಕು ಮಿಲಿಮೀಟರ್. ಕಚ್ಚಾ ಹೊಲಿಗೆ ಹಾಕಿ, ತೆಳುವಾದ ಬಟ್ಟೆ ಮೇಲಿಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಒತ್ತು. ಹೊಲಿದು ಮುಗಿದ ಮೇಲೆ ಗೊಂಬೆಗೆ ತೊಡಿಸಿ ನೀರು ಚಿಮುಕಿಸಿ, ನೆರಿಗೆಯನ್ನು ಬೆರಳಿನಿಂದ ಸರಿಪಡಿಸಿ, ದಾರದಿಂದ ಸಡಿಲವಾಗಿ ಸುತ್ತಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ನೆರಿಗೆ ಹೇಳಿದ ಹಾಗೆ ನಿಂತಿರುತ್ತವೆ. ನೀರು ಹಾಕುವ ಮೊದಲು ಬಣ್ಣ ಬಿಡುತ್ತದೋ ಇಲ್ಲವೋ ನೋಡಿಕೋ, ಅದನ್ನು ಮುಂದೆ ಹೇಳ್ತೀನಿ.

ದಡಿ ಬಿಟ್ಟರೆ, ಕತ್ತರಿಸಿದ ಕಡೆಯೆಲ್ಲ ಖಣದ ಎಳೆ ಬೇಗ ಬಿಚ್ಚುತ್ತದೆ. ಕತ್ತರಿಸಬೇಕಾದ ಗೆರೆಯ ಮೇಲೆ ಬಟ್ಟೆಗೆ ಹಚ್ಚುವ ಅಂಟನ್ನು ಕೂದಲೆಳೆಯಷ್ಟು ಸಣ್ಣಗೆ ಹಚ್ಚಿ, ಒಣಗಿದ ಮೇಲೆ ಕತ್ತರಿಸು. ಹಿಂಬದಿಯಲ್ಲಿ ಸಡಿಲ ಎಳೆಗಳಿದ್ದರೆ ಪೋಲಕಕ್ಕೆ ಮಲ್ ಬಟ್ಟೆಯ ಲೈನಿಂಗ್ ಕೊಡಲೇಬೇಕು, ಇಲ್ಲದಿದ್ದರೆ ಗೊಂಬೆಯ ಬೆರಳು ಪ್ರತಿ ಸಲವೂ ಸಿಕ್ಕಿಕೊಳ್ಳುತ್ತದೆ. ತೊಡಿಸುವಾಗ ಕೈಗೆ ಸಣ್ಣ ಪ್ಲಾಸ್ಟಿಕ್ ತುಂಡು ಸುತ್ತಿ ತೋಳಿನಲ್ಲಿ ತೂರಿಸು. ಮಷಿನ್ನಿಗೆ 9 ನಂಬರ್ ಸೂಜಿ ಹಾಕು, ಹೊಲಿಗೆ ಒಂದೂವರೆ ಮಿಲಿಮೀಟರಿಗೆ ಇಡು. ಮಲ್ ಬಟ್ಟೆಯನ್ನು ಮಷಿನ್ ಒಳಗೆ ಎಳೆದುಕೊಂಡರೆ ಅಡಿಯಲ್ಲಿ ಟಿಶ್ಯೂ ಕಾಗದ ಇಟ್ಟು ಹೊಲಿ, ಆಮೇಲೆ ಕಾಗದ ಹರಿದು ತೆಗೆ. ತೋಳನ್ನು ಪಕ್ಕದ ಹೊಲಿಗೆ ಹಾಕುವ ಮೊದಲೇ, ಬಟ್ಟೆ ಬಿಡಿಸಿದ ಹಾಗೇ ಇರುವಾಗ ಕೂಡಿಸಬೇಕು. ಆಮೇಲೆ ಕೂಡಿಸ್ತೀನಿ ಅಂದರೆ ಅಷ್ಟು ಸಣ್ಣ ಕಂಕುಳಲ್ಲಿ ಯಾವ ಮಷಿನ್ನೂ ತಿರುಗೋದಿಲ್ಲ. ಪೋಲಕದ ಬೆನ್ನು ಪೂರ್ತಿ ಬಿಚ್ಚುವ ಹಾಗಿರಲಿ. ವೆಲ್ಕ್ರೋ ಬೇಡವೇ ಬೇಡ, ಅದು ಗೊಂಬೆಯ ಕೂದಲನ್ನು ಹಾಳು ಮಾಡುತ್ತದೆ, ಪಕ್ಕದ ಬಟ್ಟೆಯ ಎಳೆಯನ್ನೂ ಕೀಳುತ್ತದೆ. ಅತಿ ಸಣ್ಣ ಟಿಚ್ ಬಟನ್ ಹಾಕು, ಅದಕ್ಕಿಂತ ಚೆಂದ ಬೇಕಾದರೆ ದಾರದ ಕುಣಿಕೆ ಮಾಡಿ ಒಂದು ಮಣಿ ಕೂಡಿಸು.

ಕಸೂತಿ ಬಗ್ಗೆ ಕೇಳಿದ್ದೆ. ಮಾಡಬಹುದು, ಆದರೆ ಖಣದ ಮೇಲೆ ಬೇಡ, ಅಲ್ಲಿ ಮೊದಲೇ ಹೂ ತುಂಬಿದೆ. ಬೇರೆ ಒಂದು ಸಾದಾ ಬಟ್ಟೆಯ ಪೋಲಕ ಹೊಲಿದು ಅದರ ಬೆನ್ನ ಮೇಲೆ ಗವಂತಿ ಹೊಲಿಗೆಯಲ್ಲಿ, ಒಂದೇ ಎಳೆ ರೇಶ್ಮೆ ದಾರದಲ್ಲಿ, ಒಂದು ಗೋಪುರ ಹಾಕಿದರೆ ಸಾಕು. ಮೆಂತಿ ಹೊಲಿಗೆ ಜಾಗ ತುಂಬುತ್ತದೆ, ಗೊಂಬೆಯ ಮೇಲೆ ಗಡುಸಾಗುತ್ತದೆ. ಗವಂತಿಯ ಗೆರೆ ಎರಡೂ ಬದಿ ಒಂದೇ ಥರ ಕಾಣುವುದರಿಂದ ಒಳಗೆ ಗಂಟೂ ಇರೋದಿಲ್ಲ.

ಈಗ ಬಣ್ಣ. ಇದನ್ನು ಮಾತ್ರ ಸುಮ್ನೆ ಓದಿ ಬಿಡಬೇಡ. ಗೊಂಬೆಯ ಮೈ ಪ್ಲಾಸ್ಟಿಕ್ಕು, ವಿನೈಲು. ಕೆಂಪು, ಕಪ್ಪು, ಗಾಢ ನೀಲಿ ಬಟ್ಟೆಯ ಬಣ್ಣ ನಿಧಾನವಾಗಿ ಮೈಗೆ ಇಳಿಯುತ್ತದೆ, ಒಣ ಬಟ್ಟೆಯಾದರೂ ಇಳಿಯುತ್ತದೆ. ಸೆಖೆಯ ಊರಲ್ಲಿ ಇನ್ನೂ ಜಾಸ್ತಿ. ನಮ್ಮ ಖಣದಲ್ಲಿ ಹೆಚ್ಚಾಗಿ ಇರುವುದು ಅಂಥ ಬಣ್ಣಗಳೇ. ಕತ್ತರಿಸುವ ಮೊದಲು ತುಂಡನ್ನು ನೀರು ತಿಳಿಯಾಗಿ ಬರುವವರೆಗೆ ತೊಳೆ. ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡು, ಕಲೆ ಬಿದ್ದರೆ ಮತ್ತೆ ತೊಳೆ. ಆಮೇಲೂ ಒಳಗೆ ಬಿಳಿ ಲೈನಿಂಗ್ ಇರಲಿ, ತಿಂಗಳುಗಟ್ಟಲೆ ತೊಡಿಸಿಯೇ ಇಡಬೇಡ. ಕಲೆ ಬಿದ್ದ ಗೊಂಬೆಗೆ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಮೊಡವೆ ಮುಲಾಮು ಹಚ್ಚಿ ಬಿಸಿಲಿಗಿಡುವ ಉಪಾಯ ಇದೆ, ಅನೇಕರು ಮಾಡುತ್ತಾರೆ. ಆದರೆ ಅದು ಮೈಯ ಬಣ್ಣವನ್ನೂ ತಿಳಿಯಾಗಿಸಬಹುದು, ಮುಖದ ಹತ್ತಿರ ಅಂತೂ ಬೇಡ. ಒಡವೆಯಲ್ಲೂ ಹುಷಾರು. ಹಳೆಯ ಬಾರ್ಬಿಗಳ ಕಿವಿ ಹಸಿರಾಗಿರುವುದನ್ನು ನೋಡಿರ್ತೀಯ, ಓಲೆಯ ಲೋಹದಲ್ಲಿದ್ದ ತಾಮ್ರ ವಿನೈಲಿಗೆ ಇಳಿದು ಆದದ್ದು. ಹಿತ್ತಾಳೆ ತಂತಿಯ ಒಡವೆ ಮೈಗೆ ತಾಗಿಸಬೇಡ. ಗಾಜಿನ ಕರಿಮಣಿಯಲ್ಲಿ ಅತಿ ಸಣ್ಣದನ್ನು ಹತ್ತಿ ದಾರದಲ್ಲಿ ಪೋಣಿಸು. ಎರಡು ಮಿಲಿಮೀಟರ್ ಮಣಿ ಗೊಂಬೆಗೆ 12 ಮಿಲಿಮೀಟರಿನ ಗುಂಡಿದ್ದ ಹಾಗೆ, ಅದಕ್ಕಿಂತ ದೊಡ್ಡದು ಬೇಡ.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ನಿನ್ನ ಮನೆಯಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳು. 1959ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿ ಹೊರಬಂದಾಗ ಅವಳ ಮೈಮೇಲೆ ಇದ್ದದ್ದು ಕಪ್ಪು-ಬಿಳಿ ಪಟ್ಟೆಯ ಈಜುಡುಗೆ ಮಾತ್ರ. ಉಳಿದ ಬಟ್ಟೆ ಬೇರೆಯಾಗಿ ಕೊಳ್ಳಬೇಕಿತ್ತು. ಆ ಬಟ್ಟೆಗಳನ್ನು ವಿನ್ಯಾಸ ಮಾಡಿದವರು ಶಾರ್ಲೆಟ್ ಜಾನ್ಸನ್. ಅವರು ಜಪಾನಿಗೇ ಹೋಗಿ ಅಲ್ಲಿಯ ತಯಾರಕರ ಜೊತೆ ಕೂತು ಸಣ್ಣ ಜಿಪ್ಪು, ಲೈನಿಂಗು ಎಲ್ಲ ಸರಿಯಾಗಿ ಮಾಡಿಸಿದರು. ಆ ಕಾಲದ ಉಡುಪುಗಳನ್ನು ಜನ ಈಗಲೂ ಹುಡುಕಿ ಕೊಳ್ಳುವುದು ಆ ಹೊಲಿಗೆಗಾಗಿ. ನಮ್ಮಲ್ಲಿ ನೋಡಿದರೆ, ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ 1965ರಲ್ಲಿ ಗೊಂಬೆಗಳ ಮ್ಯೂಸಿಯಂ ಕಟ್ಟಿದರು. ಅಲ್ಲಿಯದೇ ಕಾರ್ಯಾಗಾರದಲ್ಲಿ ಭಾರತದ ಒಂದೊಂದು ಪ್ರಾಂತ್ಯದ ಉಡುಗೆ ತೊಟ್ಟ ಗೊಂಬೆಗಳನ್ನು ಮಾಡಿದರು. ಮೈಸೂರು ಕಡೆ ಪಟ್ಟದ ಗೊಂಬೆಗಳಿಗೆ ಪ್ರತಿ ನವರಾತ್ರಿಗೆ ಹೊಸ ಬಟ್ಟೆ ಉಡಿಸುವುದು ನಿನಗೆ ಗೊತ್ತೇ ಇದೆ. ಅವು ಮರದ ಗೊಂಬೆಗಳು, ಕೈಕಾಲು ಆಡುವುದಿಲ್ಲ, ಹೀಗಾಗಿ ಬಟ್ಟೆಯನ್ನು ಮೈಮೇಲೇ ನೆರಿಗೆ ಹಿಡಿದು ಕಟ್ಟುತ್ತಾರೆ. ಗೊಂಬೆಗೆ ಸೀರೆಯೇ ಉಡಿಸಬೇಕು ಅನ್ನುವ ಆಸೆ ಬಿಡದಿದ್ದರೆ ಅವರ ದಾರಿ ಹಿಡಿ. 50-55 ಸೆಂಟಿಮೀಟರ್ ತೆಳು ರೇಶ್ಮೆ ಸಾಕು, ಪೂರ್ತಿ 90 ಬೇಡ, ನೆರಿಗೆಯನ್ನು ಮೊದಲೇ ಹೊಲಿದು ಕೂಡಿಸು.

ರೆಡಿಮೇಡ್ ಕೊಳ್ಳಲೇಬಾರದು ಅಂತಲ್ಲ. ಕೊಳ್ಳುವ ಮೊದಲು ಬಟ್ಟೆಯ ಒಳಬದಿಯ ಫೋಟೊ ಕಳಿಸಿ ಅಂತ ಮಾರುವವರನ್ನು ಕೇಳು, ಕೊಡದವರಿಂದ ಕೊಳ್ಳಬೇಡ. ಕೈಯಿಂದ ಹೊಲಿದು ಮಾರುವ ಹೆಣ್ಣುಮಕ್ಕಳು ಬೆಲೆ ಹೇಳಿದಾಗ ಚೌಕಾಸಿ ಮಾಡಬೇಡ. ಒಂದು ಪುಟ್ಟ ಪೋಲಕಕ್ಕೆ ದೊಡ್ಡವರ ರವಿಕೆಗಿಂತ ಕಡಿಮೆ ಕೆಲಸ ಇಲ್ಲ. ಇನ್ನು ಗೊಂಬೆಯ ಜೊತೆ ಬಂದ ಮೂಲ ಬಟ್ಟೆ, ಚಪ್ಪಲಿ ಎಷ್ಟೇ ಸಾಧಾರಣ ಇದ್ದರೂ ಬಿಸಾಡಬೇಡ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತಿಡು. ನಾಳೆ ಗೊಂಬೆ ಇನ್ನೊಬ್ಬರ ಕೈಗೆ ಹೋದರೂ ಅದು ಜೊತೆಗಿರಬೇಕು.

ನಿನ್ನದು ಯಾವ ಮೈಕಟ್ಟಿನದು ಅಂತ ಫೋಟೊದಲ್ಲಿ ಸರಿಯಾಗಿ ಗೊತ್ತಾಗಲಿಲ್ಲ, ಎದೆ, ಸೊಂಟ, ಸೊಂಟದಿಂದ ಪಾದದವರೆಗಿನ ಉದ್ದ ಬರೆದು ಕಳಿಸು. ನನ್ನ ಹತ್ತಿರ ತಿಳಿ ಹಸಿರಿನ ಒಂದು ಖಣ ಇದೆ, ಹೂ ಸಣ್ಣ, ದಡಿಯೂ ಸಣ್ಣ, ಎರಡು ಸಲ ತೊಳೆದಿದ್ದೇನೆ, ಬಣ್ಣ ಬಿಡುತ್ತಿಲ್ಲ. ವಿಳಾಸ ಹಳೆಯದೇ ಇದ್ದರೆ ಈ ವಾರವೇ ಪೋಸ್ಟ್ ಮಾಡ್ತೀನಿ.

ನಿನ್ನ
ಧಾರವಾಡದ ಗೆಳೆಯ