ಆರೋಗ್ಯ ಸಚಿವರೇ, ರಾತ್ರಿ ಹೊತ್ತು ಇಸಿಜಿ ಕೋಣೆಯ ಬೀಗ ತೆಗೆಸಿ

ಮಾನ್ಯ ಆರೋಗ್ಯ ಸಚಿವರಿಗೆ,

ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಊರೊಂದರಿಂದ ಒಬ್ಬ ಶಾಲಾ ಶಿಕ್ಷಕನ ನಮಸ್ಕಾರಗಳು.

ಉತ್ತರ ಕನ್ನಡಕ್ಕೆ ಒಳ್ಳೆಯ ಆಸ್ಪತ್ರೆ ಬೇಕು ಎಂಬ ಮಾತು ನಿಮಗೆ ಹೊಸದಲ್ಲ. ನಿಮಗಿಂತ ಮೊದಲಿನವರಿಗೂ ಹೊಸದಾಗಿರಲಿಲ್ಲ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿ ಶಿರೂರು ಟೋಲ್‌ನಲ್ಲಿ ಮಗುಚಿ 4 ಜನ ಸತ್ತರು. ಆಗ ಕಾರವಾರದಿಂದ ಸಿರ್ಸಿಯವರೆಗೆ ಇಡೀ ಜಿಲ್ಲೆ ಒಂದೇ ದನಿಯಲ್ಲಿ ಕೇಳಿತು. ಆಸ್ಪತ್ರೆ ಕೊಡದಿದ್ದರೆ ಓಟು ಕೊಡುವುದಿಲ್ಲ ಎಂದೂ ಜನ ಹೇಳಿದರು. ಎಲ್ಲ ಪಕ್ಷದವರೂ ಭರವಸೆ ಕೊಟ್ಟರು. ಆ ದೊಡ್ಡ ಬೇಡಿಕೆ ಹಾಗೇ ಇದೆ, ಅದನ್ನು ನಾವು ಬಿಟ್ಟಿಲ್ಲ. ಆದರೆ ಇವತ್ತು ನಾನು ಕೇಳುತ್ತಿರುವುದು ಅದಕ್ಕಿಂತ ತುಂಬ ಚಿಕ್ಕದು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎದೆನೋವು ಎಂದು ಬಂದವರಿಗೆ ಇಸಿಜಿ, ಅಂದರೆ ಹೃದಯ ಬಡಿತದ ಪರೀಕ್ಷೆ, ತೆಗೆಯುವ ಒಬ್ಬರು ಇರಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಇರಬೇಕು. ಅಷ್ಟೇ.

ನನ್ನ ತಂಗಿಯ ಗಂಡ ಮೀನುಗಾರಿಕೆ ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸಗಾರ, ಆಗಿದ್ದರು. ವಯಸ್ಸು ಐವತ್ತು ದಾಟಿರಲಿಲ್ಲ. ಬಿಪಿ ಇತ್ತು, ಮಾತ್ರೆ ಇತ್ತು. ಕಳೆದ ಮಳೆಗಾಲದಲ್ಲಿ ಬೋಟು ಬಂದ್ ಆದ ಮೇಲೆ ಮಾತ್ರೆಯೂ ನಿಂತಿತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು, ನಿಯಮ ಸರಿಯೇ ಇದೆ, ಅದರ ಮೇಲೆ ನನ್ನ ಸಿಟ್ಟಿಲ್ಲ. ಆದರೆ ಆ 61 ದಿನ ಕಲಾಸಿಯ ಮನೆಗೆ ಮೀನು ಮಾರಿದ ದುಡ್ಡಿನ ಪಾಲು ಬರುವುದಿಲ್ಲ. ಸಂಘದ ಸಾಲದ ಕಂತು ಮಾತ್ರ ವಾರ ವಾರ ಬರುತ್ತದೆ. ಮಗಳ ಕಾಲೇಜು ಫೀಸಿನ ಸಮಯವೂ ಅದೇ. ಇಂಥ ಮನೆಯಲ್ಲಿ ಮೊದಲು ನಿಲ್ಲುವುದು ಗಂಡಸಿನ ಬಿಪಿ ಮಾತ್ರೆ. ಏಕೆಂದರೆ ಅದನ್ನು ಬಿಟ್ಟರೆ ಆ ದಿನ ಏನೂ ಆಗುವುದಿಲ್ಲ, ಅಲ್ವಾ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಬಿಟ್ಟಿ ಸಿಗುತ್ತದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಹೌದು, ಸಿಗುತ್ತದೆ. ಸ್ಟಾಕ್ ಇದ್ದಾಗ ಸಿಗುತ್ತದೆ. ಇಲ್ಲದಾಗ ಮುಂದಿನ ವಾರ ಬನ್ನಿ ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡು ಬಂದ ಭಾವ ಮತ್ತೆ ಹೋಗಲಿಲ್ಲ.

ಆ ರಾತ್ರಿ ಊಟ ಆದ ಮೇಲೆ ಎದೆ ಉರಿ ಎಂದರು. ಗ್ಯಾಸ್ ಇರಬೇಕು ಎಂದು ತಂಗಿ ಶುಂಠಿ ಕಷಾಯ ಮಾಡಿಕೊಟ್ಟಳು. ಬೆವರು ನಿಲ್ಲಲಿಲ್ಲ. ಎಡಗೈ ಸೆಳೆಯುತ್ತಿದೆ ಎಂದಾಗ ನನಗೆ ಫೋನ್ ಮಾಡಿದಳು. ಪಕ್ಕದ ಮನೆಯ ಹುಡುಗನ ರಿಕ್ಷಾದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ನರ್ಸ್ ಒಬ್ಬರೇ ಓಡಾಡುತ್ತಿದ್ದರು, ಪಾಪ. ತಪ್ಪು ಆ ಹೆಣ್ಣುಮಗಳದ್ದಲ್ಲ. ಇಸಿಜಿ ಯಂತ್ರ ಒಳಗಿನ ಕೋಣೆಯಲ್ಲಿತ್ತು. ಕೋಣೆಗೆ ಬೀಗ. ಕೀಲಿಕೈ ಯಾರ ಹತ್ತಿರ ಇತ್ತೋ ಅವರು ಮನೆಗೆ ಹೋಗಿದ್ದರು. ಫೋನ್ ಎತ್ತಲಿಲ್ಲ.

ಸಚಿವರೇ, ಬೀಗ ಹಾಕಿದ ಆ ಬಾಗಿಲ ಎದುರಿನ ಬೆಂಚಿನ ಮೇಲೆ ನನ್ನ ಭಾವನನ್ನು ಮಲಗಿಸಿದ್ದೆವು. ಒಳಗೆ ಯಂತ್ರ ಇದೆ. ಹೊರಗೆ ರೋಗಿ ಇದ್ದಾರೆ. ನಡುವೆ ಒಂದು ಬೀಗ. ಕೊನೆಗೆ ಡ್ಯೂಟಿ ವೈದ್ಯರು ಬಂದು, ಇಲ್ಲಿ ಇಟ್ಟುಕೊಂಡು ಪ್ರಯೋಜನ ಇಲ್ಲ, ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯಿರಿ ಎಂದರು. ಆಮೇಲೆ ಆಂಬುಲೆನ್ಸ್‌ಗೆ ಕಾದೆವು. ಅದರ ನಡುವೆ ಒಬ್ಬರು ಬಂದು ಬಿಪಿಎಲ್ ಕಾರ್ಡ್ ಎಲ್ಲಿ ಎಂದು ಕೇಳಿದರು. ತುರ್ತು ಹೊತ್ತಿನಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಕಾರ್ಡ್ ಎಂಬ ನಿಯಮ ನಿಮ್ಮದೇ ಇಲಾಖೆಯದು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕಾರ್ಡ್ ತರಲು ಅಳಿಯ ಬೈಕ್ ಹತ್ತಿ ಮಳೆಯಲ್ಲಿ ವಾಪಸ್ ಮನೆಗೆ ಹೋದ.

ಭಟ್ಕಳ ದಾಟಿದ ಮೇಲೆ ತಂಗಿ, "ಅಣ್ಣಾ, ಇವರು ಮಾತಾಡ್ತಾ ಇಲ್ಲ" ಎಂದಳು. ಶಿರೂರು ಟೋಲ್ ಬರುವ ಮೊದಲೇ ಎಲ್ಲ ಮುಗಿದಿತ್ತು. ಮಣಿಪಾಲ ಇನ್ನೂ ಎಷ್ಟೋ ದೂರ ಇತ್ತು.

ಇದನ್ನು ಹಣೆಬರಹ ಎಂದು ಊರಿನವರು ಹೇಳಿದರು. ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣವೂ ಇದೆ. ಹೃದಯಾಘಾತ ಆಗಿ ಆಸ್ಪತ್ರೆ ಸೇರಿದ ನಮ್ಮ ದೇಶದ 20 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ ಮಾಡಿದ ದೊಡ್ಡ ಅಧ್ಯಯನ ಒಂದು 2008ರಲ್ಲಿ ಪ್ರಕಟವಾಯಿತು. ಅದನ್ನು ಮುನ್ನಡೆಸಿದವರಲ್ಲಿ ನಮ್ಮದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರಿದ್ದರು. ತಿಂಗಳೊಳಗೆ ಸತ್ತವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಬಡವರ ಹೃದಯವೇ ಜಾಸ್ತಿ ಕೆಟ್ಟಿತ್ತು ಎಂದುಕೊಂಡಿರಾ? ಅಲ್ಲ. ಬಡವರಿಗೆ ಚಿಕಿತ್ಸೆ ಕಡಿಮೆ ಸಿಕ್ಕಿತ್ತು. ಚಿಕಿತ್ಸೆಯ ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಸಾವಿನ ವ್ಯತ್ಯಾಸವೂ ಹೋಗಿಬಿಟ್ಟಿತು. ಅದೇ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನೋವು ಶುರುವಾಗಿ 6 ಗಂಟೆ ದಾಟಿತ್ತು. ನಾನು ಇದನ್ನು ಓದಿದ್ದು ಭಾವ ತೀರಿಕೊಂಡ ಮೇಲೆ. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಬ್ರಿಟನ್‌ನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇನ್ನೂ ಮುಂದಕ್ಕೆ ಹೋಗಿ ಹೇಳುತ್ತದೆ. ಅಲ್ಲಿ ನೋಡಿದ್ದು ಬಡವರನ್ನಲ್ಲ, ಸರ್ಕಾರಿ ನೌಕರರನ್ನು. ಎಲ್ಲರಿಗೂ ಸಂಬಳ ಇತ್ತು, ಆಸ್ಪತ್ರೆ ಇತ್ತು. ಆದರೂ ತೀರ ಕೆಳಗಿನ ದರ್ಜೆಯವರು ಮೇಲಿನ ದರ್ಜೆಯವರಿಗಿಂತ ಸುಮಾರು 3 ಪಟ್ಟು ಜಾಸ್ತಿ ಹೃದಯದ ಕಾಯಿಲೆಯಿಂದ ಸತ್ತರು. ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸದ ಒಂದು ಭಾಗಕ್ಕೆ ಮಾತ್ರ ಕಾರಣ ಸಿಕ್ಕಿತು. ಮನುಷ್ಯ ಎಲ್ಲಿ ನಿಂತಿದ್ದಾನೆ ಎನ್ನುವುದೇ ಅವನ ಎದೆಯ ಮೇಲೆ ಭಾರ ಹೇರುತ್ತದೆ.

ನಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಹೃದಯ ಕಾಪಾಡಿಕೊಳ್ಳುವ ಚಿತ್ರ ಅಂಟಿಸಿದ್ದಾರೆ. ಹಣ್ಣು ತರಕಾರಿ ತಿನ್ನಿ, ದಿನಾ ನಡೆಯಿರಿ, ತಂಬಾಕು ಬಿಡಿ, ಚೆನ್ನಾಗಿ ನಿದ್ದೆ ಮಾಡಿ. ಒಂದು ಮಾತೂ ಸುಳ್ಳಲ್ಲ. ಅಮೆರಿಕದ ಹೃದ್ರೋಗ ಸಂಸ್ಥೆ 2022ರಲ್ಲಿ ಹೃದಯಕ್ಕೆ ಬೇಕಾದ 8 ಸಂಗತಿಗಳ ಪಟ್ಟಿಗೆ ನಿದ್ದೆಯನ್ನು ಸೇರಿಸಿತು. ಆದರೆ ಬೆಳಗಿನ ಜಾವ ಬಂದರಿಗೆ ಓಡಿ, ಮೀನು ಬುಟ್ಟಿ ತಲೆ ಮೇಲೆ ಹೊತ್ತು ಊರೂರು ತಿರುಗಿ, ಸಂಜೆ ಮನೆ ಕೆಲಸಕ್ಕೆ ಕೂರುವ ನಮ್ಮ ಹೆಂಗಸರಿಗೆ 7 ಗಂಟೆ ನಿದ್ದೆ ಎಲ್ಲಿಂದ ತರೋಣ? ವಾರಗಟ್ಟಲೆ ಬೋಟಿನ ಮೇಲೆ ಎಂಜಿನ್ ಸದ್ದಿನಲ್ಲಿ ಮಲಗುವ ಗಂಡಸರಿಗೆ? ಸಲಹೆ ಕೊಡುವುದು ಸುಲಭ, ಸಚಿವರೇ. ಬೀಗ ತೆಗೆಯುವುದು ಅದಕ್ಕಿಂತಲೂ ಸುಲಭ. ಅದನ್ನು ಮಾಡಿ.

ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ನಿಮ್ಮ ಸರ್ಕಾರ 2024ರಲ್ಲಿ ಶುರು ಮಾಡಿತು. ನಾನು ಅದನ್ನು ಮನಸಾರೆ ಮೆಚ್ಚಿದವನು. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ, ಹೃದಯಾಘಾತ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿಯಾಗಿ ಅಲ್ಲೇ ಕೊಡುತ್ತಾರೆ. ನಮ್ಮಂಥ ಜಿಲ್ಲೆಗೆಂದೇ ಹೇಳಿ ಮಾಡಿಸಿದ ಯೋಜನೆ. ಹಾಸನದಲ್ಲಿ 2025ರಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವುಗಳಾದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ತಜ್ಞರ ಸಮಿತಿ ಕೂರಿಸಿದಿರಿ. ಯೋಜನೆಯನ್ನು ಎಲ್ಲ ತಾಲ್ಲೂಕಿಗೂ ಒಯ್ಯುತ್ತೇವೆ ಎಂದಿರಿ. ಹಾಗಾದರೆ ನಮ್ಮ ಭಾವನಿಗೆ ಯಾಕೆ ಸಿಗಲಿಲ್ಲ? ರೋಗಿ ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು ಎಂಬುದು ವೈದ್ಯರೇ ಮಾಡಿಕೊಂಡ ನಿಯಮ. 2 ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ) ಮಾಡುವ ಕಡೆ ಮುಟ್ಟಿಸಲು ಆಗದಿದ್ದರೆ ಮೊದಲು ಚುಚ್ಚುಮದ್ದು ಕೊಟ್ಟೇ ಕಳಿಸಬೇಕು ಎಂಬುದೂ ನಿಯಮವೇ. ಅಂಕೋಲಾದಿಂದ ಮಣಿಪಾಲಕ್ಕೆ ಹೊರಟರೂ ಹುಬ್ಬಳ್ಳಿಗೆ ಹೊರಟರೂ 2 ಗಂಟೆಯೊಳಗೆ ಆಗುವ ಮಾತಲ್ಲ. ಹುಬ್ಬಳ್ಳಿ ದಾರಿಯಲ್ಲಿ ಅರಬೈಲ್ ಘಟ್ಟ. ಸಿರ್ಸಿಯವರು ಕರಾವಳಿಗೆ ಇಳಿಯಬೇಕೆಂದರೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಗುಡ್ಡ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ. 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ (ಟೋಲ್ ಇರುವ ಶಿರೂರು ಬೇರೆ) ಗುಡ್ಡ ಬಿದ್ದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಕಾರವಾರದವರು ಗೋವಾಕ್ಕೆ ಓಡುತ್ತಾರೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 2018ರಿಂದ ಹೊರ ರಾಜ್ಯದವರು ದುಡ್ಡು ಕೊಡಬೇಕು. ಜೋಯಿಡಾದ ಕುಣಬಿ ಸಮುದಾಯದ ಹಳ್ಳಿಗಳ ಜನ ಮೊದಲು ರೋಗಿಯನ್ನು ಹೊತ್ತುಕೊಂಡು ಡಾಂಬರು ರಸ್ತೆ ಮುಟ್ಟಬೇಕು. ಅಲ್ಲಿ ಎದೆನೋವು ಬಂದವರ ಗತಿಯನ್ನು ನೆನೆದರೆ ನನಗೆ ನನ್ನ ದುಃಖವೇ ಚಿಕ್ಕದೆನಿಸುತ್ತದೆ.

ಕಾಳಿ ನದಿಗೆ ಅಣೆಕಟ್ಟು ಕಟ್ಟಲು, ಕೈಗಾದಲ್ಲಿ ಅಣುಸ್ಥಾವರ ಕಟ್ಟಲು, ಸೀಬರ್ಡ್ ನೌಕಾನೆಲೆಗೆ ಈ ಜಿಲ್ಲೆಯ ಜನ ಮನೆ, ಗದ್ದೆ, ದಡ ಎಲ್ಲ ಬಿಟ್ಟುಕೊಟ್ಟಿದ್ದಾರೆ. ದೇಶಕ್ಕೆ ಕೊಟ್ಟೆವು. ಅದಕ್ಕೆ ಲೆಕ್ಕ ಕೇಳುತ್ತಿಲ್ಲ. ರಾತ್ರಿ ಒಬ್ಬ ತಂತ್ರಜ್ಞ, ಒಂದು ಚುಚ್ಚುಮದ್ದು, ಇಷ್ಟು ಕೇಳುವುದೂ ದೊಡ್ಡ ಮಾತಾಯಿತೇ?

ಮತ್ತೆ ಹೇಳುತ್ತೇನೆ. ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇಸಿಜಿ ಆಗಬೇಕು. ಚುಚ್ಚುಮದ್ದು ಅಲ್ಲೇ ಸಿಗಬೇಕು. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್ ಕರಾವಳಿಯಲ್ಲಿ ಒಂದು, ಘಟ್ಟದ ಮೇಲೆ ಒಂದು ದಿನದ 24 ಗಂಟೆಯೂ ನಡೆಯಬೇಕು. ಯಂತ್ರ ತಂದು ರಿಬ್ಬನ್ ಕತ್ತರಿಸಿದರೆ ಸಾಲದು. ಅದನ್ನು ನಡೆಸುವ ಹೃದಯ ತಜ್ಞರು ರಾತ್ರಿ 2 ಗಂಟೆಗೂ ಇರಬೇಕು. ಹಾಗೇ ಜೂನ್, ಜುಲೈ ತಿಂಗಳ ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗಳನ್ನು ಮೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮೀನುಗಾರರ ಮನೆಗಳಿಗೆ ಮುಟ್ಟಿಸಿ. ಆ ಆಶಾ ಕಾರ್ಯಕರ್ತೆಯರಿಗೆ ಅದಕ್ಕೆ ತಕ್ಕ ದುಡ್ಡನ್ನೂ ಕೊಡಿ.

ಪರಿಶೀಲಿಸಲಾಗುವುದು ಎಂಬ ಉತ್ತರ ಬೇಡ. ಅಂಥ ಪತ್ರಗಳು ನಮ್ಮ ಊರಿನ ಬಹಳ ಮನೆಗಳಲ್ಲಿವೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ, ಹೀಗೆ ಒಂದೊಂದು ತಾಲ್ಲೂಕಿನ ಹೆಸರು ಬರೆದು, ಅಲ್ಲಿ ಯಾವ ತಾರೀಕಿನಿಂದ ರಾತ್ರಿ ಇಸಿಜಿ ಆಗುತ್ತದೆ, ಚುಚ್ಚುಮದ್ದು ಸಿಗುತ್ತದೆ ಎಂದು ತಿಳಿಸಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಸಹಿ ಇದ್ದರೂ ಸಾಕು. ಬರುವ ಜೂನ್ 1ಕ್ಕೆ ಮತ್ತೆ ಬೋಟುಗಳನ್ನು ದಡಕ್ಕೆ ಕಟ್ಟುತ್ತಾರೆ. ಉತ್ತರ ಅದಕ್ಕೂ ಮೊದಲೇ ಬರಲಿ.

ಇಂತಿ,
ಅಂಕೋಲಾ ತಾಲ್ಲೂಕಿನ ಒಬ್ಬ ಶಿಕ್ಷಕ