ಜಾರಿಗೆ ಬಾರದ ಆ ಒಂದು ಸೆಕ್ಷನ್

ಮಾನ್ಯರೆ,

ಕಳೆದ ಬೇಸಿಗೆಯ ಒಂದು ರಾತ್ರಿ ನಮ್ಮ ಓಣಿಯ ಹಮಾಲರೊಬ್ಬರು ಮನೆಗೆ ಬಂದರು. ಮಗನನ್ನು ಗೂಂಡಾ ಕಾಯ್ದೆಯಡಿ ಹಿಡಿದುಕೊಂಡು ಹೋಗಿದ್ದರು. ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು, ಬೆವರಿನ ಕೈ ಅಂಗಿಗೆ ಒರೆಸಿಕೊಂಡು, ನನ್ನ ಮುಂದೆ ಬಿಚ್ಚಿದರು. ಮಗನ 371(ಜೆ) ಅರ್ಹತಾ ಪ್ರಮಾಣಪತ್ರ ಅದು. 'ಇದ್ರಾಗ ಸಂವಿಧಾನ ಅಂತ ಬರ್ದದ ನೋಡ್ರಿ ಸರ್. ಇದು ತೋರ್ಸಿದ್ರ ಬಿಡ್ತಾರೇನ್ರಿ?' ಎಂದರು.

ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದ ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಅದು ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟಿಗೆ, ನೌಕರಿಗೆ ಕೊಡುವ ಕಾಗದ ಎಂದು ನಿಧಾನಕ್ಕೆ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಮತ್ತೆ ಕೇಳಿದರು: 'ಮತ್ತ ಒಳಗ ಹುಡುಗನ ಮಾತು ಕೇಳೋರು ಯಾರ್ರಿ? ಜಡ್ಜ್ ಇರ್ತಾರಿಲ್ಲೋ?'

ಈ ಪತ್ರ ಬರೆಯುತ್ತಿರುವುದು ಆ ಎರಡನೇ ಪ್ರಶ್ನೆಗಾಗಿ. ಸಾಮಾನ್ಯ ಬಂಧನವಾದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಗೂಂಡಾ ಕಾಯ್ದೆಯಡಿ ಆಗುವುದು ಮುಂಜಾಗ್ರತಾ ಬಂಧನ, ಅಂದರೆ ಮುಂದೆ ತಪ್ಪು ಮಾಡಬಹುದೆಂದು ವಿಚಾರಣೆಯಿಲ್ಲದೆ ಮೊದಲೇ ಹಿಡಿದಿಡುವುದು; ಅದಕ್ಕೆ ಸಂವಿಧಾನದ 22ನೇ ವಿಧಿಯಲ್ಲೇ ಈ ನಿಯಮದಿಂದ ವಿನಾಯಿತಿ ಇದೆ. ಅಲ್ಲಿ ಉಳಿಯುವ ಒಂದು ಮುಖ್ಯ ಆಸರೆ, ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂದು ನೋಡುವ ಸಲಹಾ ಮಂಡಳಿ. ಅದರ ಅಭಿಪ್ರಾಯವಿಲ್ಲದೆ ಮೂರು ತಿಂಗಳವರೆಗೆ ಒಬ್ಬರನ್ನು ಒಳಗಿಡಲು ಸಂವಿಧಾನ ಅವಕಾಶ ಕೊಡುತ್ತದೆ. ಮಂಡಳಿಯ ಸದಸ್ಯರು ನ್ಯಾಯಮೂರ್ತಿಗಳೇ ಆಗಿರಬೇಕೆಂದೂ ಇಲ್ಲ, ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇದ್ದರೆ ಸಾಕು.

ಇದು ಸಾಲದು ಎಂದು ಸಂಸತ್ತಿಗೆ ಯಾವಾಗಲೋ ಅನ್ನಿಸಿತ್ತು. ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲು ಸೇರಿದ್ದರು. 1976ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಹಾಗೆ ಬಂಧಿತರಾದವರು ಕೋರ್ಟಿನ ಬಾಗಿಲು ತಟ್ಟುವಂತೆಯೂ ಇಲ್ಲ ಎಂದಿದ್ದರು. ಒಪ್ಪದೆ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ಗಾಯಕ್ಕೆ ಮದ್ದಾಗಿ 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಯ (ಅನ್ಯಾಯದ ಶಿಕ್ಷೆಯಿಂದ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ) ಹಕ್ಕುಗಳನ್ನು ಅಮಾನತು ಮಾಡುವಂತಿಲ್ಲ ಎಂದಾಯಿತು. ಅದೇ ತಿದ್ದುಪಡಿಯ 3ನೇ ಸೆಕ್ಷನ್ ಮೂರು ತಿಂಗಳನ್ನು ಎರಡಕ್ಕೆ ಇಳಿಸಿತು. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆಯೇ ಮಂಡಳಿ ರಚನೆಯಾಗಬೇಕು, ಸೇವೆಯಲ್ಲಿರುವ ನ್ಯಾಯಮೂರ್ತಿಯೇ ಅಧ್ಯಕ್ಷರಾಗಿರಬೇಕು ಎಂದಿತು.

ಹಮಾಲರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಆದರೆ ಆ 3ನೇ ಸೆಕ್ಷನ್ ಇಂದಿಗೂ ಜಾರಿಯಾಗಿಲ್ಲ! ಉಳಿದವು 1979ರಲ್ಲೇ ಜಾರಿಗೆ ಬಂದವು. ಇದಕ್ಕೆ ದಿನಾಂಕ ಗೊತ್ತುಮಾಡುವುದು ಕೇಂದ್ರ ಸರ್ಕಾರದ ಕೈಯಲ್ಲಿದೆ. ದಿನಾಂಕ ಗೊತ್ತುಮಾಡಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ ಕೈಚೆಲ್ಲಿತು. ಆಮೇಲೆ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಬೇಕಾಗಿದ್ದುದು ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಮಾತ್ರ.

ಪುಂಡರನ್ನು ಹಿಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಆ ಹುಡುಗ ತಪ್ಪು ಮಾಡಿರಲೂಬಹುದು. ಅದನ್ನು ಕೂತು ಕೇಳುವವರು ಸರ್ಕಾರದ ಹಂಗಿಲ್ಲದವರಾಗಿರಲಿ ಎನ್ನುವುದಷ್ಟೇ ನನ್ನ ಮಾತು. ನಮ್ಮ ಭಾಗವನ್ನು ಆಳಿದ ನಿಜಾಮನ ಜೈಲಿನಲ್ಲಿ ಅವನ ವಿರುದ್ಧ ಹೋರಾಡಿದ ಸ್ವಾಮಿ ರಮಾನಂದ ತೀರ್ಥರು ದಿನ ಎಣಿಸಿದ್ದನ್ನು ಹಿರಿಯರಿಂದ ಕೇಳಿ ಬೆಳೆದವರು ನಾವು, ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿದ್ದುಪಡಿಯ ಬೆನ್ನು ಹತ್ತುವುದು ನಮ್ಮ ಭಾಗದವರಿಗೆ ಹೊಸತೂ ಅಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ವಿಧಿ ತಂದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಆಮೇಲೂ ನಾವು ಸುಮ್ಮನೆ ಕೂಡಲಿಲ್ಲ, ನಿಯಮ ಆಗಲಿ, ಆದೇಶ ಬರಲಿ ಎಂದು ದುಂಬಾಲು ಬಿದ್ದೆವು. ಇವತ್ತು ಆ ಪ್ರಮಾಣಪತ್ರ ಹಮಾಲರ ಮನೆಯ ಟ್ರಂಕಿನಲ್ಲೂ ಇದೆ.

ಕಲಬುರಗಿ, ಬೀದರ್, ರಾಯಚೂರಿನ ಸಂಸದರಲ್ಲಿ ನನ್ನ ಕಳಕಳಿಯ ವಿನಂತಿ: ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, 44ನೇ ತಿದ್ದುಪಡಿಯ 3ನೇ ಸೆಕ್ಷನ್ ಯಾವ ದಿನಾಂಕದಿಂದ ಜಾರಿಗೆ ತರುತ್ತೀರಿ ಎಂದು ಗೃಹ ಸಚಿವರನ್ನು ಕೇಳಿ. ಅವರು ಕೊಡುವ ಉತ್ತರವನ್ನು ಇದೇ ಪತ್ರಿಕೆಯಲ್ಲಿ ಓದಲು ಕಾದಿದ್ದೇನೆ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಬ್ರಹ್ಮಪುರ, ಕಲಬುರಗಿ