ಹಳೆಯ ರಿವಾಲ್ವರ್ ಕರಗಿಸುವ ಮುನ್ನ ಗುರುತು ಬರೆದಿಡಿ

ಸಂಪಾದಕರಿಗೆ,

ಮಾನ್ಯರೇ,

ಬಳಕೆ ತಪ್ಪಿದ ಪೊಲೀಸ್ ರಿವಾಲ್ವರ್‌ಗಳನ್ನು ನಿರುಪಯುಕ್ತವೆಂದು ಘೋಷಿಸಿ ನಾಶಪಡಿಸುವುದಕ್ಕೆ ನಮ್ಮ ತಕರಾರಿಲ್ಲ. ಅವು ಕಂಡವರ ಕೈಗೆ ಸಿಗಬಾರದು. ಆದರೆ ಕುಲುಮೆಗೆ ಹಾಕುವ ಮುನ್ನ ಪ್ರತಿಯೊಂದರ ಮೇಲಿನ ಗುರುತುಗಳನ್ನು ಬರೆದು, ಫೋಟೊ ತೆಗೆದಿಡಬೇಕೆಂದು ಮೈಸೂರು, ಮಂಡ್ಯದ ಪೊಲೀಸ್ ಅಧಿಕಾರಿಗಳನ್ನು ಕೋರುತ್ತೇವೆ. ಕರಗಿದ ಮೇಲೆ ಅದು ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂದು ಯಾರನ್ನು ಕೇಳುವುದು?

ಗುರುತುಗಳು ಎಲ್ಲ ಮಾದರಿಗಳಲ್ಲೂ ಒಂದೇ ಕಡೆ ಇರುವುದಿಲ್ಲ. 1915ರಲ್ಲಿ ಬಂದ .455 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಬ್ರಿಟಿಷ್ ವೆಬ್ಲಿ ಮಾರ್ಕ್ 6ರಲ್ಲಿ ಚೌಕಟ್ಟಿನ ಎಡಮಗ್ಗುಲು ನೋಡಬೇಕು. 'ವೆಬ್ಲಿ ಪೇಟೆಂಟ್ಸ್' ಎಂಬ ಅಕ್ಷರಗಳ ಜೊತೆಗೇ ವರ್ಷ ಒತ್ತಿರುತ್ತದೆ. 1932ರಲ್ಲಿ ಬಂದ .38 ಬೋರಿನ ಎನ್‌ಫೀಲ್ಡ್ ನಂಬರ್ 2ರಲ್ಲಿ ಕಿರೀಟ, ಕಾರ್ಖಾನೆಯ ಹೆಸರು, ಮಾದರಿ, ವರ್ಷ ಎಲ್ಲವೂ ಬಲಮಗ್ಗುಲಲ್ಲಿ, ಗುಂಡು ಸಿಡಿಸುವ ಸುತ್ತಿಗೆಯಾದ ಹ್ಯಾಮರ್‌ನ ಕೆಳಗೆ ಇರುತ್ತವೆ. ಅದರ ಹ್ಯಾಮರ್‌ಗೆ ಹೆಬ್ಬೆರಳಿಡುವ ಕೊಕ್ಕೆ ಇಲ್ಲದಿದ್ದರೆ 'ಮುರಿದಿದೆ' ಎಂದು ಬರೆಯಬೇಡಿ. 1938ರಲ್ಲಿ ಬಂದ ಮಾದರಿಯೇ ಹಾಗೆ. ಎರಡನೇ ಮಹಾಯುದ್ಧ ಕಾಲದ ಸ್ಮಿತ್ ಅಂಡ್ ವೆಸನ್ ವಿಕ್ಟರಿಯಲ್ಲಿ ಹಿಡಿಯ ತಳದಲ್ಲಿ, ಹಗ್ಗ ಕಟ್ಟುವ ಬಳೆಯ ಪಕ್ಕ 'ವಿ' ಅಕ್ಷರದಿಂದ ಶುರುವಾಗುವ ನಂಬರಿದೆ. ಅದೇ ನಂಬರು ಗುಂಡು ತುಂಬುವ ಸಿಲಿಂಡರ್‌ನ ಹಿಂಬದಿಯಲ್ಲೂ ನಳಿಗೆಯ ಕೆಳಗೂ ಇರಬೇಕು. ತಾಳೆಯಾಗದಿದ್ದರೆ ಎಂದೋ ರಿಪೇರಿಯಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸೇರಿದೆ ಎಂದರ್ಥ. ಆ ವ್ಯತ್ಯಾಸವನ್ನೂ ಬರೆಯಿರಿ. ಈ ನಂಬರು ಸರಿಯಾಗಿದ್ದರೆ, ಶುಲ್ಕ ಪಡೆದು ಕಂಪನಿಯ ಹಳೆಯ ಕಡತ ಹುಡುಕಿಕೊಡುವ ಪ್ರತಿಷ್ಠಾನ ಅಮೆರಿಕದಲ್ಲಿದೆ. ಯಾವ ದಿನ, ಎಲ್ಲಿಗೆ ರವಾನೆಯಾಯಿತೆಂಬುದು ಅಲ್ಲಿ ಸಿಗುತ್ತದೆ.

ಸಣ್ಣ ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಸ್ವತ್ತಿನದು. ಎರಡು ಬಾಣಗಳ ಮೊನೆ ಒಂದಕ್ಕೊಂದು ತಾಗಿದ್ದರೆ ಆ ಸರ್ಕಾರ ಆಯುಧವನ್ನು ಸೇವೆಯಿಂದ ಬಿಟ್ಟು ಮಾರಿದೆ. ಇವೆಲ್ಲ ಕೂದಲೆಳೆಯಷ್ಟು ಆಳದವು, ಮರಳು ಕಾಗದದಲ್ಲಿ ನಾಲ್ಕು ಸಲ ಉಜ್ಜಿದರೆ ಮಾಯ.

ದಾಖಲಿಸುವ ಕೆಲಸ ಆಯುಧಾಗಾರದಲ್ಲಿ ಆಯುಧ ರಿಪೇರಿ ನೋಡಿಕೊಳ್ಳುವ ಆರ್ಮರರ್ ಕೈಯಲ್ಲೇ ಆಗಬೇಕು. ವೆಬ್ಲಿ, ಎನ್‌ಫೀಲ್ಡ್‌ಗಳಲ್ಲಿ ಹಿಂದಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಆರೂ ಗೂಡು ಖಾಲಿ ಇವೆಯೇ ಎಂದು ಮೊದಲು ನೋಡಬೇಕು. ಫೋಟೊಗೆ ಫ್ಲಾಶ್ ಬೇಡ. ಲೋಹ ಮಿಂಚಿ ಅಕ್ಷರ ಮುಳುಗುತ್ತದೆ. ದೀಪವನ್ನು ಒಂದು ಪಕ್ಕದಲ್ಲಿ, ಮೇಜಿನ ಮಟ್ಟಕ್ಕೇ ಹಿಡಿದರೆ ಒತ್ತಿದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಆಗಲೂ ಓದಲಾಗದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿ ಅಚ್ಚು ತೆಗೆಯಬಹುದು. ಆಯುಧಪೂಜೆಯ ಹಿಂದಿನ ದಿನ ಹೇಗೂ ಎಲ್ಲವನ್ನೂ ಹೊರತೆಗೆದು ಒರೆಸುತ್ತಾರೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಪೂಜೆಯ ಬಗ್ಗೆಯೂ ಒಂದು ಮಾತು. ಅರಿಸಿನ, ಕುಂಕುಮವನ್ನು ನೀರಲ್ಲಿ ಕಲಸಿ ನೇರ ಉಕ್ಕಿಗೆ ಹಚ್ಚಿದರೆ ತೇವ ಅಕ್ಷರಗಳ ಸಂದಿಯಲ್ಲಿ ನಿಂತು, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ನಿಂಬೆರಸ ಬಿದ್ದರಂತೂ ಉಕ್ಕಿನ ಮೇಲಿನ ಕಪ್ಪುನೀಲಿ ಲೇಪವೇ ಕಿತ್ತುಹೋಗುತ್ತದೆ. ಬಟ್ಟೆ ಹಾಸಿ, ಹಿಡಿಗೆ ಹೂವಿಟ್ಟು, ಕುಂಕುಮವನ್ನು ತಟ್ಟೆಗೆ ಹಾಕಿದರೆ ಭಕ್ತಿಗೆ ಕೊರತೆಯೇನೂ ಆಗದು. ಹುಣಸೆಹಣ್ಣಿನಿಂದ ತಿಕ್ಕುವುದು, ಕೊಬ್ಬರಿ ಎಣ್ಣೆ ಸವರುವುದು ಎರಡೂ ಬೇಡ. ಕೊಬ್ಬರಿ ಎಣ್ಣೆ ಕಾಲಕ್ರಮೇಣ ಅಂಟಾಗಿ ಒಳಗಿನ ಸ್ಪ್ರಿಂಗ್ ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಚರ್ಮದ ಚೀಲದಲ್ಲಿಟ್ಟು ಮರೆಯುವುದೂ ತಪ್ಪು, ಚರ್ಮ ತೇವ ಹೀರುತ್ತದೆ.

ಆಯುಧದಷ್ಟೇ ಮುಖ್ಯವಾದದ್ದು ಹಳೆಯ ಸ್ಟಾಕ್ ರಿಜಿಸ್ಟರ್. ಮಂಡ್ಯ 1939ರಲ್ಲಿ ಮೈಸೂರಿನಿಂದ ಬೇರೆ ಜಿಲ್ಲೆಯಾಯಿತು. 1956ರಲ್ಲಿ ರಾಜ್ಯದ ಏಕೀಕರಣವಾದಾಗ ಬೇರೆ ಬೇರೆ ಆಡಳಿತಗಳ ಪೊಲೀಸರು ಒಂದೇ ಇಲಾಖೆಗೆ ಬಂದರು. ಹಾಗಾಗಿ ಇಲ್ಲಿನ ಒಂದು ರಿವಾಲ್ವರ್ ಸಂಸ್ಥಾನದ ಕಾಲದ್ದೋ, ಹೊರಗಿನಿಂದ ಆಮೇಲೆ ಬಂದದ್ದೋ ಎಂದು ಹೇಳಬಲ್ಲದ್ದು ಆ ಪುಸ್ತಕವೊಂದೇ. ಅದನ್ನು ರದ್ದಿಗೆ ಹಾಕದೆ ಮೈಸೂರಿನಲ್ಲೇ ಇರುವ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಗೆ ಒಪ್ಪಿಸಬೇಕು. ಪ್ರತಿ ಮಾದರಿಯಲ್ಲಿ ಒಂದನ್ನು, ನಳಿಗೆ ಮುಚ್ಚಿ ಬೆಸುಗೆ ಹಾಕಿ, ಇಲ್ಲಿನ ಪೊಲೀಸ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕಿಟ್ಟರೆ ತರಬೇತಿಗೆ ಬರುವವರಿಗೂ ಉಪಯೋಗ.

ಖಾಸಗಿ ಸಂಗ್ರಹಕ್ಕೆ ನಮ್ಮಲ್ಲಿ ಅವಕಾಶ ಬಹಳ ಕಡಿಮೆ. .38, .455 ಎರಡೂ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಪರವಾನಗಿಗೆ ಸಿಗದವು; ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ತುಕ್ಕು ಹಿಡಿದಿದೆ, ಪರವಾನಗಿ ಬೇಡ ಎಂದು ಕೆಲವರು ತಿಳಿದಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. ಮನೆಯಲ್ಲಿ ಯಾವುದೇ ಹಳೆಯ ಬಂದೂಕು ಸಿಕ್ಕರೆ ಮುಟ್ಟಿ ಪರೀಕ್ಷಿಸದೆ ಠಾಣೆಗೆ ತಿಳಿಸಿ. ಅದನ್ನು ಒಪ್ಪಿಸಿದಾಗ ಕೊಡುವ ಠೇವಣಿ ರಸೀದಿಯಲ್ಲಿ 'ಹಳೆಯ ರಿವಾಲ್ವರ್ ಒಂದು' ಎಂದಷ್ಟೇ ಬರೆಸಿಕೊಳ್ಳದೆ ಕಂಪನಿ, ಬೋರ್, ವರ್ಷ, ನಂಬರು ನಾಲ್ಕನ್ನೂ ಬರೆಸಿ, ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.

— ಹಳೆಯ ಆಯುಧಗಳ ಚರಿತ್ರೆಯ ಆಸಕ್ತರು, ಮೈಸೂರು